ಕಾಗೆ ಎಡೆ ಮುಟ್ಟಿತು

ಮುನಿರಾಜಣ್ಣ,

ಇವತ್ತು ನಿನ್ನ ತಿಥಿ ಮುಗಿಯಿತು. ಸುಂಕದಕಟ್ಟೆಯ ನಮ್ಮ ಮನೆಯ ತಾರಸಿಯ ಮೇಲೆ ನಿನಗೆ ಎಡೆ ಇಟ್ಟೆವು. ಕಾಗೆ ಬಂದು ನೀರಿನ ತೊಟ್ಟಿಯ ಮೇಲೆ ಕೂತಿತು, ಅನ್ನ ಮುಟ್ಟಲಿಲ್ಲ. ನಾವೆಲ್ಲ ಅದನ್ನೇ ನೋಡುತ್ತಾ ನಿಂತಿದ್ದೆವು.

"ಮಗೀಗೆ ಏನೋ ಆಸೆ ಉಳ್ಕೊಂಡದೆ," ಅಂದರು ರಾಮಕ್ಕತ್ತೆ.

"ನಿನ್ ತಂಗಿ ಮದುವೆ ಚೆನ್ನಾಗಿ ಮಾಡ್ತೀವಿ ಕಣಪ್ಪ," ಅಂದಳು ಅಮ್ಮ, ನನ್ನ ಹೆಗಲು ಹಿಡಿದು. ಕಾಗೆ ಕದಲಲಿಲ್ಲ.

"ಒಂದು ಬೀಡಿ ಇಡ್ರಿ, ಕದ್ದು ಸೇದ್ತಿದ್ದ," ಅಂದರು ಬೈರಯ್ಯ ಮಾವ. ಬೀಡಿಗೂ ಬರಲಿಲ್ಲ.

ಆಗ ಅಪ್ಪ ಮುಂದೆ ಬಂದರು. ನೀನು ಪ್ರಾಣಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ ಅಂದಾಗ, "ಕಾಗೆ ನೋಡೋಕೆ ಯಾವ ಓದು ಬೇಕೋ, ಮಿಲ್ಲಿಗೆ ಸೇರ್ಕೋ" ಎಂದು ಅರ್ಜಿಯನ್ನು ಕಿತ್ತುಕೊಂಡು ಎತ್ತಿಟ್ಟವರು ಅವರೇ. ನಿನ್ನನ್ನು ಕೊಂಡೊಯ್ದ ಆ ಜ್ವರ ಏರಿದಾಗಲೂ ನೀನು ಅರ್ಜಿಯ ಕೊನೆಯ ತಾರೀಖನ್ನೇ ಕೇಳುತ್ತಿದ್ದೆ.

ಅಪ್ಪ ಕೈಮುಗಿದು ಕಣ್ಣು ಮುಚ್ಚಿದರು. "ಯೂನಿವರ್ಸಿಟಿಗೆ ಅರ್ಜಿ ಹಾಕು ಮಗನೇ. ನಾನು ಬೇಡ ಅನ್ನಲ್ಲ."

ಎಲ್ಲರೂ ಕಣ್ಣು ಮುಚ್ಚಿದರು. ನಾನೂ ತಲೆ ತಗ್ಗಿಸಿದೆ. ತಲೆ ಎತ್ತುವಷ್ಟರಲ್ಲಿ ಕಾಗೆ ಇಳಿದು ಅನ್ನ ತಿಂದಿತ್ತು. ಅಪ್ಪ ಗೋಡೆ ಹಿಡಿದುಕೊಂಡು ಅತ್ತರು.

ನಾವು ದಿಟ್ಟಿಸುತ್ತಿದ್ದರೆ ಕಾಗೆ ಹತ್ತಿರ ಬರುವುದಿಲ್ಲ, ಮುಖ ತಿರುಗಿಸಿದರೆ ಬರುತ್ತದೆ ಎಂದು ಅದೇ ತಾರಸಿಯಲ್ಲಿ ನೀನು ನನಗೆ ತೋರಿಸಿದ್ದೆ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಈಗ ಸಂಜೆಯಾಗಿದೆ. ಅಪ್ಪ ಟ್ರಂಕು ತೆಗೆದು ನಿನ್ನ ಅರ್ಜಿಯನ್ನು ಹುಡುಕುತ್ತಿದ್ದಾರೆ. ಅದೇ ಕಾಗೆ ಕಿಟಕಿಯ ಆಚೆ ಬಂದು ಕೂತಿದೆ. ಆಗಿನಿಂದ ಅದನ್ನೇ ದಿಟ್ಟಿಸಿ ನೋಡುತ್ತಿದ್ದೇನೆ, ಅಣ್ಣ. ಅದು ಹಾರುತ್ತಿಲ್ಲ.