ಹಡಗಲಿಯವರು ಕೇಳಿದ ಮಷೀನು

ಅಪ್ಪ,

ರೊಟ್ಟಿ ಪುಟ್ಟಿಯಲ್ಲಿದೆ, ಪುಂಡಿಪಲ್ಯ ಒಲೆಯ ಮೇಲಿದೆ. ಉಂಡು ಮನೆಯಲ್ಲೇ ಇರು. ಬಟ್ಟೆ ಒಗೆದು ಒಣಗಿಸುವ ಮಷೀನು ನೋಡಲು ಹೊಸಪೇಟೆಗೆ ಹೋಗಬೇಡ.

ಹಡಗಲಿಯವರು ನನ್ನ ಮದುವೆಗೆ ಅದನ್ನು ಕೇಳಿದಾಗಿನಿಂದ, ಕೊಡಿಸುವುದೋ ಬಿಡುವುದೋ ಎಂದು ನೀನು ಸುಂಕಪ್ಪ ಮಾವನನ್ನು ಕೇಳಿದೆ, ಬಸ್ಸಿನ ಕಂಡಕ್ಟರನ್ನೂ ಕೇಳಿದೆ. ನನ್ನನ್ನು ಮಾತ್ರ ಕೇಳಲಿಲ್ಲ. ಆ ಊರಿನ ಬಿಸಿಲಲ್ಲಿ ಬಟ್ಟೆ ಒಣಗಿಸಲು ಮಷೀನು ಬೇಕಂತೆ.

ಹೆಣ್ಣು ನೋಡಲು ಬಂದ ದಿನ, ‘ನಿಮ್ಮ ಮನೆಗೆ ನಳ ಇಲ್ಲವಲ್ಲ, ಮಷೀನಿಗೆ ನೀರು ಎಲ್ಲಿಂದ’ ಎಂದು ನಾನೇ ಅವರನ್ನು ಕೇಳಿದೆ. ‘ಹಿತ್ತಲಾಗ ಬಾವಿ ಐತೆವ್ವ’ ಎಂದು ಹುಡುಗನ ತಾಯಿ ನನ್ನ ರಟ್ಟೆ ಹಿಡಿದು ನೋಡಿದಳು. ಅದನ್ನು ನೀನೂ ಕಂಡೆ, ಕಂಡು ನಕ್ಕೆ.

ನಾನು ಪಾಠ ಹೇಳಲು ಶಾಲೆಗೆ ಹೋಗಿದ್ದೇನೆ. ಸಂಜೆ ಅವರು ಬಂದರೆ ಚಾ ಕೊಡು, ಮಾತು ಕೊಡಬೇಡ.

ಗಾಳೆಮ್ಮ