ಕುದಿಯದ ರಸ

ರಿಯೊ ನೀಗ್ರೊ ನದಿಯ ಮೇಲ್ದಂಡೆ,
ಜುಲೈ ೧೪

ನನ್ನ ಲೌರಿಂಡಾ,

ಹೇಗಿದ್ದೀಯ? ಮನೌಸ್ ಪಟ್ಟಣದ ಸೆಕೆಗೆ ಕಾಲು ಮತ್ತೆ ಊದಿಕೊಂಡಿಲ್ಲ ತಾನೇ? ಜುಸಾರಾ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಹೆರಿಗೆಯಾಗುವವರೆಗೆ ಮಗಳ ಪಕ್ಕದಿಂದ ಕದಲಬೇಡ. ಇಲ್ಲಿ ನಿನ್ನ ಅಮ್ಮ ಚೆನ್ನಾಗಿದ್ದಾರೆ. ನನ್ನ ಮೇಲೆ ರೇಗುವಷ್ಟು ಶಕ್ತಿ ಇದೆ ಎಂದರೆ ನಿನಗೆ ಅರ್ಥವಾದೀತು.

ನೀನು ಹೋದಮೇಲೆ ಕಹಿ ಮರಗೆಣಸಿನ ಕೆಲಸ ನನ್ನ ಪಾಲಿಗೆ ಬಂತಲ್ಲ, ಅದು ನನಗೆ ಒಗ್ಗಲೇ ಇಲ್ಲ. ತುರಿಯುವುದು, ಹಿಂಡುವುದು, ವಿಷ ಹೋಗುವವರೆಗೆ ರಸ ಕುದಿಸಿ ಸಾರು ಮಾಡುವುದು, ಪ್ರತಿಯೊಂದಕ್ಕೂ ನಿಂತು ಯೋಚಿಸಬೇಕು. ದೋಣಿ ಕಟ್ಟುವಾಗ ಯೋಚನೆಯೇ ಬೇಡ, ಕೈ ತಾನಾಗಿ ನಡೆಯುತ್ತದೆ. ಕಷ್ಟವಿರುವುದು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹೋಗಿ ಬರುವುದರಲ್ಲಿ. ಒಲೆಯ ಮುಂದಿನಿಂದ ಎದ್ದು ಬಂದ ಒಂದು ದಿನ ದೋಣಿಯ ಹಲಗೆಯನ್ನೇ ತಿರುವುಮುರುವಾಗಿ ಜೋಡಿಸಿದೆ. ಪಕ್ಕದ ಮನೆಯ ಎವರಾಲ್ಡೊ ನೋಡಿ, "ಅತ್ತಿಗೆ ಬರೋ ಹೊತ್ತಿಗೆ ನಿಂಗೆ ರೊಟ್ಟಿ ಸುಡೋಕೂ ಬಂದಿರಲ್ಲ, ದೋಣಿ ಮಾಡೋದೂ ಮರ್ತೋಗಿರುತ್ತೆ ಬಿಡಣ್ಣ" ಎಂದು ನಕ್ಕ. ನಿನ್ನ ಅಮ್ಮನಂತೂ, "ಅಳಿಯಂದ್ರೇ, ಕೈ ಪಾತ್ರೇಲಿದೆ, ತಲೆ ಎಲ್ಲಿಟ್ಟು ಬಂದ್ರಿ?" ಎನ್ನುತ್ತಾರೆ. ನೀನು ರಸ ಕಾಯಿಸುತ್ತಿದ್ದಾಗಲೇ ಹಗ್ಗ ಹಿಡಿ, ರಾಳ ತಾ ಎಂದು ಕೂಗಿ ಕರೆಯುತ್ತಿದ್ದೆನಲ್ಲ, ಈಗ ನಾಚಿಕೆಯಾಗುತ್ತದೆ.

ಹೋದ ಶನಿವಾರ ರಸವನ್ನು ಒಲೆಯ ಮೇಲಿಟ್ಟು, ಈಗ ಬಂದೆ ಎಂದುಕೊಂಡು ದೋಣಿಯ ಬಿರುಕಿಗೆ ರಾಳ ತುಂಬಲು ಹೋದೆ. ಆ ಕೆಲಸ ಹಿಡಿದರೆ ನನಗೆ ಲೋಕವೇ ಬೇಡ. ಮರಳಿ ಬರುವಾಗಲೂ ಮನಸ್ಸು ಬಿರುಕಿನಲ್ಲೇ ಇತ್ತು. ಒಲೆ ಆರಿತ್ತು, ಬೂದಿಯ ಕಾವಿಗೆ ಪಾತ್ರೆ ಬೆಚ್ಚಗಿತ್ತು. ಕುದಿದು ಮುಗಿಯಿತು ಎಂದು ಇಳಿಸಿಬಿಟ್ಟೆ. ನಿಜಕ್ಕೂ ನಾನು ಅತ್ತ ಹೋದೊಡನೆ ಸೌದೆ ನಂದಿಹೋಗಿತ್ತು. ರಸ ಒಮ್ಮೆಯೂ ಕುದಿದಿರಲಿಲ್ಲ. ಅದನ್ನು ಕುಡಿದು ನಿನ್ನ ನಾಲ್ಕು ಕೋಳಿಗಳು ಅಂಗಳದಲ್ಲೇ ಸತ್ತವು, ನೀನು ಮುದ್ದು ಮಾಡುತ್ತಿದ್ದ ಕಪ್ಪು ಹೇಟೆಯೂ. ತಪ್ಪೆಲ್ಲ ನನ್ನದೇ, ಎಷ್ಟು ಬೇಕೋ ಅಷ್ಟು ಬೈಯಿ.

ಜುಸಾರಾಳ ತಲೆ ನೇವರಿಸಿ ಅಪ್ಪನ ಆಶೀರ್ವಾದ ಹೇಳು. ಹುಟ್ಟುವ ಕೂಸಿಗೆ ಅಜ್ಜನ ಮುತ್ತು.

ನಿನ್ನ,
ಅನಾಕ್ಲೆಟೊ

ತಾ.ಕ.: ಪೇಟೆಯ ದೋಣಿ ಹೊರಡುತ್ತಿದೆ, ಎವರಾಲ್ಡೊ ಕಾಗದ ಕೊಡು ಎಂದು ಕೂಗುತ್ತಿದ್ದಾನೆ. ಲೌರಿಂಡಾ, ಆ ರಸವನ್ನು ನಾನು ಬಡಿಸಿದ್ದು ನಿನ್ನ ಅಮ್ಮನಿಗೆ. ಅವರು ಮೀನಿನ ಮುಳ್ಳು ಬಿಡಿಸುತ್ತ ಬಟ್ಟಲು ಕೆಳಗಿಟ್ಟಿದ್ದರು, ಕೋಳಿಗಳು ಮೊದಲು ಬಾಯಿ ಹಾಕಿದವು. "ಅವಳಿಗೆ ಬರೀಬೇಡಿ, ಬಸುರಿ ಮಗಳನ್ನ ಬಿಟ್ಟು ಓಡಿ ಬಂದ್ಬಿಡ್ತಾಳೆ" ಎಂದು ನನ್ನಿಂದ ಮಾತು ತೆಗೆದುಕೊಂಡರು. ಮುಚ್ಚಿಡಲು ನನ್ನಿಂದಾಗಲಿಲ್ಲ. ಹೊರಟು ಬರಬೇಡ. ಈಗ ರಸ ಕುದಿದು ಮುಗಿಯುವವರೆಗೆ ನಾನು ಒಲೆ ಬಿಟ್ಟು ಏಳುವುದಿಲ್ಲ. ಅವರು ಮಾತ್ರ ಅಂದು ಸಂಜೆಯೇ ನಾನು ಬಡಿಸಿದ್ದನ್ನು ಒಂದು ಮಾತೂ ಕೇಳದೆ ಉಂಡರು.