ಶಿಕ್ಷೆ ಹೊತ್ತವರು ಇಬ್ಬರು

ಗಾಳೇಶಣ್ಣಾ,

ಚರ್ಚಿನ ಸಭೆಯಲ್ಲಿ ಈಗ ನಿನ್ನ ಹೆಸರು ಪೌಲ ಎಂದು ಗೊತ್ತು. ಆದರೆ ಚಹಾದ ಪಾತ್ರೆ ತೊಳೆಯದೆ ಇಟ್ಟುಹೋದವನು ಹಳೆಯ ಗಾಳೇಶನೇ. ಬಂದ ಕೂಡಲೇ ತೊಳೆ. ರೊಟ್ಟಿ ಬುಟ್ಟಿಯಲ್ಲಿವೆ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದೇನೆ. ಇವತ್ತು ಉಪವಾಸವಿದ್ದರೆ ಮೊದಲೇ ಹೇಳಬೇಕಿತ್ತು.

ಅಪ್ಪನನ್ನು ನೋಡಲು ಜೈಲಿಗೆ ಹೊರಟಿದ್ದೇನೆ. ನಿನ್ನನ್ನು ಕರೆಯಲಿಲ್ಲ, ಪ್ರಾರ್ಥನೆಗೆ ತೊಂದರೆಯಾಗಬಾರದಲ್ಲ.

ಭಾನುವಾರ ಚರ್ಚಿನಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. "ತಪ್ಪು ನಂದು, ಶಿಕ್ಷಾ ಹೊತ್ತಾಂವ ಆತ" ಎಂದು ನೀನು ಅತ್ತಾಗ ಎಲ್ಲರೂ ಶಿಲುಬೆಯ ಕಡೆ ನೋಡಿದರು. ನನಗೆ ಮಾತ್ರ ಅಪ್ಪನ ಮೊಣಕಾಲು ನೋವು ನೆನಪಾಯಿತು.

ಕುಡಿದು ಟ್ರ್ಯಾಕ್ಟರ್ ಓಡಿಸಿ ಕೊಟ್ರಪ್ಪನನ್ನು ಕೊಂದವನು ನೀನು. "ಟ್ರ್ಯಾಕ್ಟರ್ ನಾನ ಹೊಡೀತಿದ್ನಿ ಸಾಹೇಬ್ರ" ಎಂದು ಠಾಣೆಯಲ್ಲಿ ಕೈ ಮುಗಿದವನು ಅಪ್ಪ. ಹದಿನಾಲ್ಕು ತಿಂಗಳಾಯಿತು. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಪಾಪಿಗೆ ಐನೂರು ಪುಟ ನರಳಿದರೂ ಕ್ಷಮೆ ಸಿಗುವುದಿಲ್ಲ. ನಿನಗೆ ಒಂದೇ ಭಾನುವಾರ ಸಾಕಾಯಿತು. ಕೊಟ್ರಪ್ಪನ ಹೆಂಡತಿ ಕಳಕಮ್ಮನನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಹೋದ ಸಲ ಅಪ್ಪ ಕೇಳಿದ್ದು ಒಂದೇ ಮಾತು: "ಗಾಳ್ಯಾ ಕುಡಿಯೂದು ಬಿಟ್ಟಾನಂತಲ್ಲ, ಖರೇನ? ಹಂಗಾದ್ರ ನಾ ಒಳಗ ಇದ್ದದ್ದು ಸಾರ್ಥಕ ಆತು ಬಿಡವ್ವ."

ಅಣ್ಣಾ, ನಿನ್ನ ಸ್ವಾಮಿಯ ಸಮಾಧಿಯ ಕಲ್ಲನ್ನು ದೇವದೂತ ಸರಿಸಿದನಂತೆ. ಅಪ್ಪನ ಜೈಲಿನ ಬಾಗಿಲಿಗೆ ಯಾವ ದೇವದೂತನೂ ಬರುವುದಿಲ್ಲ, ನಿಜ ಹೇಳಿ ನೀನೇ ತೆರೆಸಬೇಕು.

ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ. ಸಂಜೆ ನೀನು ಮನೆಯಲ್ಲಿ ಇರದಿದ್ದರೆ ಹುಡುಕುವುದಿಲ್ಲ. ಬುತ್ತಿ ಕಟ್ಟಿಕೊಂಡು ಠಾಣೆಗೇ ಬರುತ್ತೇನೆ.

ಶಿವಲೀಲಾ